ಕೊಂದ ಹಂದಿಗೆ ಬೆಲೆ, ಸತ್ತ ಮರಿಗೆ ಲೆಕ್ಕವಿಲ್ಲ

ಹಂದಿಮರಿಗಳ ಭೇದಿಯ ಮೇಲೆ ಅಗ್ರಲೇಖನವೇ ಎಂದು ನಮ್ಮ ಕೆಲವು ವಾಚಕರು ಮೂಗು ಮುರಿಯಬಹುದು. ಮುರಿಯಲಿ. ವರಾಹಾವತಾರದ ಮುಂದೆ ಕೈ ಮುಗಿಯುವ, ಹಿಂದಿನ ಕಾಲದಲ್ಲಿ ಚಿನ್ನದ ನಾಣ್ಯಕ್ಕೆ ವರಾಹ ಎಂದೇ ಹೆಸರಿಟ್ಟಿದ್ದ ಈ ನಾಡಿನಲ್ಲಿ, ಬೀದಿಯ ಹಂದಿಯ ಹೆಸರು ಬೈಗುಳವಾಗಿ ಮಾತ್ರ ಉಳಿದಿದೆ. ಅದನ್ನು ಸಾಕಿ ಹೊಟ್ಟೆ ಹೊರೆಯುವವರ ಹೆಸರಾದರೂ ಅಷ್ಟೇ. ಬರ ಬಂದಾಗ ಗೋಶಾಲೆ ತೆರೆಯಿರಿ, ಮೇವು ಹಂಚಿರಿ ಎಂದು ಕೂಗುವ ನಮ್ಮ ಪಕ್ಷವೂ ಹಂದಿ ಸಾಕುವವರ ಪರವಾಗಿ ಒಂದು ನಿರ್ಣಯವನ್ನು ಗಟ್ಟಿಯಾಗಿ ಮಂಡಿಸಿದ್ದು ನಮ್ಮ ನೆನಪಿನಲ್ಲಿಲ್ಲ. ಈ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಸಂಗಾತಿಯೊಬ್ಬರು ಬೆಂಗಳೂರಿಗೆ ಹೋಗಿದ್ದರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ ಸಭೆ. ಸಭೆ ಮುಗಿಸಿ ಮೈಸೂರು ರಸ್ತೆಯ ಕಡೆಗೆ ನಡೆದುಕೊಂಡು ಹೋಗುವಾಗ ಕಾಲುವೆಯ ಅಂಚಿನಲ್ಲಿ ಒಬ್ಬ ಹೆಂಗಸು ಗೋಣಿಚೀಲ ಹಿಡಿದು ನಿಂತಿದ್ದಳು. ಚೀಲದಲ್ಲಿ ಏಳು ಹಂದಿಮರಿಗಳ ಹೆಣ. ಮರಿ ಹಾಕಿ ಐದು ದಿನ. ಮೂರನೆಯ ದಿನ ವಾಂತಿ, ಆಮೇಲೆ ನೀರಿನಂಥ ಹಳದಿ ಭೇದಿ. ಮಾರನೆಯ ಸಂಜೆಗೆ ಎರಡು ಮಾತ್ರ ಉಳಿದವು. ತಾಯಿ ಹಂದಿಯೂ ಒಂದು ದಿನ ಮೇವು ಬಿಟ್ಟು ಬಿದ್ದುಕೊಂಡಿತ್ತು, ಆಮೇಲೆ ಎದ್ದಿತು.

“ಡಾಕ್ಟರಿಗೆ ಹೇಳಲಿಲ್ಲವೇನಮ್ಮ?” ಎಂದು ನಮ್ಮವರು ಕೇಳಿದರು.

“ಹಂದಿಗೆ ಯಾರು ಬತ್ತಾರೆ ಸ್ವಾಮಿ? ಹಸ ಆಗಿದ್ರೆ ಬರೋರು. ಹೇಳಕ್ಕೋದ್ರೆ ನಾಳೆ ವ್ಯಾನು ತಂದು ಇರೋ ಹಂದೀನೂ ಹಿಡ್ಕೊಂಡು ಹೋಯ್ತಾರೆ” ಎಂದಳು. ಅಂಗಡಿಯವನು ಕೊಟ್ಟ ಮಾತ್ರೆಯನ್ನು ಅರೆದು ಕುಡಿಸಿದ್ದಳಂತೆ. ಇನ್ನೂರು ರೂಪಾಯಿ ಅದಕ್ಕೇ ಹೋಯಿತು.

ಆ ಮರಿಗಳನ್ನು ಕೊಂದದ್ದು ಯಾವ ರೋಗವೆಂದು ಈಗ ಯಾರೂ ಹೇಳಲಾರರು. ಮಲದ ಮಾದರಿಯನ್ನು ಯಾರೂ ತೆಗೆಯಲಿಲ್ಲ, ಕರುಳನ್ನು ಯಾರೂ ಕೊಯ್ದು ನೋಡಲಿಲ್ಲ. ಹೀಗೆ ಸಾಯುವ ಮರಿಗಳು ನಮ್ಮ ರಾಜ್ಯದ ಯಾವ ದಫ್ತರಿನಲ್ಲಿಯೂ ಏರುವುದಿಲ್ಲ. ಚೀಲದಿಂದ ನೇರವಾಗಿ ಕಾಲುವೆಗೆ. ಅಲ್ಲಿಂದ ಮುಂದೆ ರೋಗವು ಎಲ್ಲಿಗೆ ಹೋಗುತ್ತದೆಂಬುದು ಕಾಲುವೆಯ ನೀರಿಗೇ ಗೊತ್ತು.

ಎಳೆಯ ಹಂದಿಮರಿಗಳಿಗೆ ಭೇದಿ ತರುವ ಸೂಕ್ಷ್ಮಜೀವಿಗಳು ಹಲವು ಉಂಟು. ಕೆಲವು ಬ್ಯಾಕ್ಟೀರಿಯಾ, ಕೆಲವು ವೈರಸ್. ವೈರಸ್‌ಗಳ ಪೈಕಿ ಮೂರು ಮುಖ್ಯವಾದವು. ಮೊದಲನೆಯದು ಟಿ.ಜಿ.ಇ. ಎಂದು ಕರೆಯಲ್ಪಡುವ ಜಠರ-ಕರುಳಿನ ಅಂಟುರೋಗ. ಇದನ್ನು 1946ರಲ್ಲಿ ಅಮೆರಿಕದ ವಿಜ್ಞಾನಿಗಳು ಮೊದಲಿಗೆ ವರ್ಣಿಸಿದರು. ಎರಡನೆಯದು ಪಿ.ಇ.ಡಿ. ಎಂಬ ಹಂದಿಗಳ ಸಾಂಕ್ರಾಮಿಕ ಭೇದಿ; 1971ರಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು, 1978ರಲ್ಲಿ ಬೆಲ್ಜಿಯಮ್ಮಿನಲ್ಲಿ ಅದರ ವೈರಸ್ಸನ್ನು ಗುರುತಿಸಿದರು. ಈ ಎರಡೂ ಕೊರೋನಾ ಜಾತಿಯವು. ಆದರೆ ಮನುಷ್ಯರಿಗೆ ಅಂಟುವುದಿಲ್ಲ, ಆದುದರಿಂದ ಗಾಬರಿಗೆ ಕಾರಣವಿಲ್ಲ. ಮೂರನೆಯದು ರೋಟಾವೈರಸ್. ಇದರ ಬಳಗ ಹಂದಿಮರಿಯನ್ನೂ ಕರುವನ್ನೂ ಮನುಷ್ಯನ ಕೂಸನ್ನೂ ಕಾಡುತ್ತದೆ.

ಮೂರೂ ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ. ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳಂತೆ ಅಸಂಖ್ಯ ಸಣ್ಣ ಕುಚ್ಚುಗಳಿರುತ್ತವೆ. ಕುಡಿದ ಹಾಲನ್ನು ಅರಗಿಸಿ ಹೀರುವುದು ಈ ಕುಚ್ಚುಗಳೇ. ವೈರಸ್ ಅವುಗಳ ಜೀವಕೋಶಗಳನ್ನು ನಾಶಮಾಡುತ್ತದೆ, ಕುಚ್ಚುಗಳು ಮೊಂಡಾಗುತ್ತವೆ. ಹೊಟ್ಟೆಯ ತುಂಬ ಹಾಲಿದ್ದರೂ ಮರಿಯ ಮೈಗೆ ಹತ್ತುವುದಿಲ್ಲ, ನೀರೂ ಉಪ್ಪೂ ಹೊರಕ್ಕೆ ಹರಿದುಹೋಗುತ್ತವೆ. ದೊಡ್ಡ ಹಂದಿಗೆ ಕುಚ್ಚುಗಳು ಬೇಗ ಮರಳಿ ಬೆಳೆಯುತ್ತವೆ, ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಹುಟ್ಟಿ ಒಂದು ವಾರವಾಗದ ಮರಿಗೆ ಅಷ್ಟು ಸಮಯವಿಲ್ಲ. ಟಿ.ಜಿ.ಇ. ಅಥವಾ ಪಿ.ಇ.ಡಿ. ಹೊಸದಾಗಿ ಹೊಕ್ಕ ಹಂದಿಗೂಡಿನಲ್ಲಿ ಆ ವಯಸ್ಸಿನ ಮರಿಗಳು ಬಹುತೇಕ ಎಲ್ಲವೂ ಸಾಯುತ್ತವೆ.

ವೈರಸ್ಸಿನ ಭೇದಿಗೆ ಪ್ರತಿಜೀವಕ ಔಷಧಗಳು ತಾಗುವುದಿಲ್ಲ. ಆ ತಾಯಿ ಇನ್ನೂರು ರೂಪಾಯಿ ಕೊಟ್ಟು ಅರೆದು ಕುಡಿಸಿದ ಮಾತ್ರೆ ಬ್ಯಾಕ್ಟೀರಿಯಾದ ಭೇದಿಯಾಗಿದ್ದರೆ ಉಪಕಾರ ಮಾಡುತ್ತಿತ್ತೇನೋ. ವೈರಸ್ ಆಗಿದ್ದರೆ ಹಣವೂ ಹೋಯಿತು, ಮರಿಯೂ ಹೋಯಿತು. ಯಾವುದೆಂದು ತಿಳಿಸಬೇಕಾದದ್ದು ಪ್ರಯೋಗಶಾಲೆ. ಮರಿಯನ್ನು ಬೆಚ್ಚಗಿಡುವುದು, ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ ಉಪ್ಪು ಬೆರೆಸಿ ಪದೇ ಪದೇ ಕುಡಿಸುವುದು, ಹುಟ್ಟಿದ ಮೊದಲ ದಿನವೇ ಗಿಣ್ಣುಹಾಲು ಹೊಟ್ಟೆ ತುಂಬ ಸಿಕ್ಕುವಂತೆ ನೋಡಿಕೊಳ್ಳುವುದು, ಇವೇ ಉಪಚಾರ. ರೋಗವನ್ನು ಒಮ್ಮೆ ಗೆದ್ದ ತಾಯಿಯ ಹಾಲಿನಲ್ಲಿ ರಕ್ಷಣೆ ಇರುತ್ತದೆ. ಮರಿ ದಿನವೂ ಕುಡಿಯುವವರೆಗೆ ಆ ರಕ್ಷಣೆ ಅದರ ಕರುಳಿಗೂ ಉಂಟು. ಆದರೆ ಎಳೆಯ ಮರಿಗೆ 32 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಕಾಲುವೆಯ ಅಂಚಿನಲ್ಲಿ, ತಗಡಿನ ತುಂಡು ಆನಿಸಿಟ್ಟ ಗೂಡಿನಲ್ಲಿ, ಆಷಾಢದ ಜಡಿಮಳೆಯಲ್ಲಿ ಆ ಶಾಖವನ್ನು ಎಲ್ಲಿಂದ ತರುವುದು?

ಸಕ್ಕರೆ ಉಪ್ಪಿನ ನೀರು ಎಂದೆವು. ಅದರ ಕಥೆಯನ್ನು ಇಲ್ಲಿ ನೆನೆಯಬೇಕು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಗಡಿ ದಾಟಿ ಬಂದಾಗ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ದ್ರವ ಮುಗಿದುಹೋಗಲು, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪುಗಳನ್ನು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ಕುಡಿಸಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಬಡವನ ರೋಗಕ್ಕೆ ಬಡವನ ಅಡಿಗೆಮನೆಯಲ್ಲಿಯೇ ಮದ್ದಿತ್ತು. ಅದನ್ನು ಮನೆಮನೆಗೆ ಮುಟ್ಟಿಸುವುದು ಸರಕಾರದ ಕೆಲಸವೆಂದು ಒಪ್ಪಿದಮೇಲೆ ಲಕ್ಷಾಂತರ ಮಕ್ಕಳು ಬದುಕಿದರು. ರೋಟಾವೈರಸ್ಸಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಇದೇ ಬೆಂಗಳೂರಿನ ಹಸುಗೂಸುಗಳಲ್ಲಿ, ದನದ ವೈರಸ್ಸನ್ನು ಬಹಳವಾಗಿ ಹೋಲುವ ರೋಟಾವೈರಸ್ ತಳಿಯೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಗುರುತಿಸಿದ್ದರು. ಪಶುವಿನ ಕರುಳಿಗೂ ಕೂಸಿನ ಕರುಳಿಗೂ ನಡುವೆ ನಾವು ಎಣಿಸಿದಷ್ಟು ಎತ್ತರದ ಗೋಡೆಯಿಲ್ಲವೆಂದು ಅದು ತೋರಿಸಿಕೊಟ್ಟಿತು. ಕೂಸುಗಳಿಗೆ ರೋಟಾ ಲಸಿಕೆಯನ್ನು 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಉಚಿತವಾಗಿ ಆರಂಭಿಸಿ 2019ರ ಹೊತ್ತಿಗೆ ದೇಶದಾದ್ಯಂತ ವಿಸ್ತರಿಸಿದರು. ಒಳ್ಳೆಯದು ಮಾಡಿದಾಗ ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಹಂದಿಗೆ ರೋಗ ಬಂತೆಂದರೆ “ಕೊಳಕು ಜನ, ಕೊಳಕು ಪ್ರಾಣಿ” ಎಂಬ ಮಾತು ವಿದ್ಯಾವಂತರ ಬಾಯಿಂದ ತಟ್ಟನೆ ಹೊರಡುತ್ತದೆ. ಈ ಮಾತನ್ನು ಆಡುವವರು ಅಮೆರಿಕದ ಕಡೆಗೆ ಒಮ್ಮೆ ನೋಡಬೇಕು. 2013ರ ವಸಂತದಲ್ಲಿ ಪಿ.ಇ.ಡಿ. ಅಲ್ಲಿಗೆ ಮೊಟ್ಟಮೊದಲ ಬಾರಿಗೆ ಕಾಲಿಟ್ಟಿತು. ಒಂದು ವರ್ಷದೊಳಗೆ 30ಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿ ಸುಮಾರು 70 ಲಕ್ಷ ಮರಿಗಳನ್ನು ಕೊಂದಿತೆಂದು ಅಂದಾಜು. ಯಾರ ಮರಿಗಳು? ಕಾಂಕ್ರೀಟಿನ ನೆಲ, ಗಾಳಿಯ ಯಂತ್ರ, ಒಳಗೆ ಹೋಗುವ ಮೊದಲು ಸ್ನಾನ ಮಾಡಿ ಬಟ್ಟೆ ಬದಲಿಸಬೇಕೆಂಬ ನಿಯಮ, ಸಂಬಳದ ಪಶುವೈದ್ಯರು, ಇಷ್ಟೆಲ್ಲ ಇದ್ದ ಭಾರಿ ಬಂಡವಾಳದ ಹಂದಿಸಾಲೆಗಳ ಮರಿಗಳು. ಸಾವಿರಾರು ತಾಯಿಹಂದಿಗಳನ್ನು ಒಂದೇ ಸೂರಿನಡಿ ಕೂಡಿಹಾಕಿದ್ದರಿಂದ ಬೆಂಕಿಗೆ ಒಣಹುಲ್ಲು ಸಿಕ್ಕಂತಾಯಿತು. ವಧಾಗಾರಕ್ಕೆ ಹೋಗಿ ಮರಳುವ ಲಾರಿಗಳು ರೋಗವನ್ನು ಹೊತ್ತು ಊರೂರಿಗೆ ಒಯ್ದವು. ಕೊನೆಗೆ, ಸತ್ತ ಮರಿಗಳ ಕರುಳನ್ನೇ ಅರೆದು ಗಬ್ಬದ ಹಂದಿಗಳಿಗೆ ತಿನ್ನಿಸಿ, ಅವುಗಳ ಹಾಲಿನಲ್ಲಿ ರಕ್ಷಣೆ ಹುಟ್ಟಿಸುವ ಉಪಾಯಕ್ಕೆ ಆ ಶ್ರೀಮಂತ ದೇಶದ ಕೃಷಿಕರು ಕೈಹಾಕಿದರು. ಓದುವವರಿಗೆ ಹೇಸಿಗೆಯಾಗಬಹುದು, ಅವರಿಗೆ ಬೇರೆ ದಾರಿಯಿರಲಿಲ್ಲ.

ರೋಗ ಹುಟ್ಟುವುದು ಸಾಕುವವನ ಜಾತಿಯಿಂದಲ್ಲ, ಬಡತನದಿಂದಲೂ ಅಲ್ಲ. ಹೊಡೆತವನ್ನು ಯಾರು ತಾಳಿಕೊಳ್ಳಬಲ್ಲರು, ಯಾರು ಮುರಿದುಬೀಳುತ್ತಾರೆ ಎಂಬುದನ್ನು ನಿರ್ಣಯಿಸುವುದು ಬಡತನ. ಅಮೆರಿಕದಲ್ಲಿ ಮರಿಗಳು ಕಡಿಮೆಯಾದುವೆಂದು 2014ರಲ್ಲಿ ಹಂದಿಯ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಉಳಿದ ಹಂದಿಗಳನ್ನು ಮಾರಿದವರಿಗೆ ನಷ್ಟ ತುಂಬಿಬಂತು. ಚಾಮರಾಜಪೇಟೆಯ ಕಾಲುವೆಯ ಅಂಚಿನಲ್ಲಿ ಏಳು ಮರಿ ಸತ್ತರೆ ಉಳಿದ ಎರಡರ ಬೆಲೆ ಒಂದು ಕಾಸೂ ಏರುವುದಿಲ್ಲ.

ಇನ್ನೊಂದು ಸಂಗತಿ. ಆ ದೇಶದ ಸರಕಾರ 2014ರ ಜೂನಿನಲ್ಲಿ ಈ ರೋಗವನ್ನು ವರದಿ ಮಾಡುವುದು ಕಡ್ಡಾಯವೆಂದು ಆಜ್ಞೆ ಹೊರಡಿಸಿತು. ಅದರ ಜೊತೆಯಲ್ಲಿಯೇ 2 ಕೋಟಿ 62 ಲಕ್ಷ ಡಾಲರನ್ನು ಪರೀಕ್ಷೆಗೆ, ಲಾರಿಗಳನ್ನು ತೊಳೆಯುವುದಕ್ಕೆ, ಲಸಿಕೆಯ ಸಂಶೋಧನೆಗೆಂದು ತೆಗೆದಿಟ್ಟಿತು. ಬಂಡವಾಳಗಾರರ ಸರಕಾರಕ್ಕೂ, ಬರಿಯ ಆಜ್ಞೆಯಿಂದ ರೈತ ಬಾಯಿ ಬಿಡುವುದಿಲ್ಲವೆಂಬುದು ಗೊತ್ತಿತ್ತು.

ನಮ್ಮಲ್ಲಿಯೂ ಕಾನೂನು ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ ಕಾಯಿದೆಯನ್ನು ಸಂಸತ್ತು 2009ರಲ್ಲಿ ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ಹಂದಿಗಳ ರೋಗಗಳೆಂದು ಒಂದು ಪಟ್ಟಿಯುಂಟು; ಹಂದಿಜ್ವರದ ಜೊತೆಗೆ ಟಿ.ಜಿ.ಇ.ಯೂ ಅಲ್ಲಿದೆ. ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ಪಶುವಿನ ಒಡೆಯನು ಗ್ರಾಮಾಧಿಕಾರಿಗೋ ಪಂಚಾಯತಿಗೋ ತಿಳಿಸತಕ್ಕದ್ದು. ರೋಗದ ಪ್ರಾಣಿಯನ್ನು ಬೇರೆಯಾಗಿ ಕಟ್ಟತಕ್ಕದ್ದು. ಹೆಣವನ್ನು ವಿಧಿಪೂರ್ವಕ ವಿಲೇವಾರಿ ಮಾಡತಕ್ಕದ್ದು. ಒಡೆಯನ ಕರ್ತವ್ಯಗಳು ಸಾಲುಸಾಲಾಗಿವೆ. ಆರಡಿ ಅಗಲದ ಜಾಗದಲ್ಲಿ ತಾನೂ ಮಕ್ಕಳೂ ಹಂದಿಯೂ ಬದುಕುವವಳು ರೋಗದ ಮರಿಯನ್ನು ಎಲ್ಲಿ ಬೇರೆ ಕಟ್ಟಬೇಕು? ಹೂಳುವುದಕ್ಕೆ ಯಾರ ನೆಲವನ್ನು ಅಗೆಯಬೇಕು? ಟಿ.ಜಿ.ಇ. ಎಂಬ ಮೂರಕ್ಷರದ ಸಂಶಯ ಅವಳಿಗೆ ಯಾವ ದಾರಿಯಲ್ಲಿ ಬರಬೇಕು?

ಪರಿಹಾರದ ಕ್ರಮವು ಇದಕ್ಕಿಂತಲೂ ವಿಚಿತ್ರವಾದುದು. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅರುಣಾಚಲ, ಅಸ್ಸಾಮುಗಳಲ್ಲಿ ಪತ್ತೆಯಾಯಿತು. 2022ರ ಜುಲೈನಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರುವ ವಯನಾಡಿನ ಮಾನಂತವಾಡಿಗೆ ಬಂತು. 2025ರಲ್ಲಿ ಬೆಂಗಳೂರಿನ ಪಕ್ಕದ ಚಿಕ್ಕಬಳ್ಳಾಪುರದ ಸೀಮೆಗೂ ಬಂತು. ಇದು ಭೇದಿಯ ರೋಗವಲ್ಲ, ಅದಕ್ಕಿಂತ ಭಯಂಕರವಾದುದು; ಮರಿ ದೊಡ್ಡದು ಎಂದು ನೋಡದೆ ಹಂದಿಗೂಡನ್ನೇ ಬರಿದುಮಾಡುತ್ತದೆ. ಭೋಪಾಲದ ಪ್ರಯೋಗಶಾಲೆ ರೋಗವನ್ನು ಖಚಿತಪಡಿಸಿದರೆ ಸುತ್ತಲಿನ ಹಂದಿಗಳನ್ನೆಲ್ಲ ಇಲಾಖೆಯವರು ಕೊಂದು ಹೂಳುತ್ತಾರೆ. ಹಾಗೆ ಕೊಂದ ಹಂದಿಗೆ ತೂಕದ ಮೇಲೆ ದರ ಗೊತ್ತುಮಾಡಿದ್ದಾರೆ: 15 ಕಿಲೋ ಒಳಗಿನ ಮರಿಗೆ 2,200 ರೂಪಾಯಿ, 100 ಕಿಲೋ ಮೀರಿದ್ದಕ್ಕೆ 15,000 ರೂಪಾಯಿ. ಇದರ ಹೊರೆಯನ್ನು ಕೇಂದ್ರವೂ ರಾಜ್ಯವೂ ಹಂಚಿಕೊಳ್ಳುತ್ತವೆ. ಆದರೆ ಸರಕಾರದ ಕೈಯಿಂದ ಸತ್ತ ಹಂದಿಗೆ ಮಾತ್ರ ಈ ದರ. ರೋಗದಿಂದಲೇ ಸತ್ತ ಹಂದಿಗೆ ಏನೂ ಇಲ್ಲ.

ಇದರ ಪರಿಣಾಮವನ್ನು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಹತ್ತು ಹಂದಿಗಳಲ್ಲಿ ನಾಲ್ಕು ಸತ್ತಮೇಲೆ ಬಡವನಿಗೆ ಎರಡೇ ದಾರಿ. ವರದಿ ಕೊಟ್ಟರೆ ಸತ್ತ ನಾಲ್ಕಕ್ಕೆ ಸೊನ್ನೆ, ಉಳಿದ ಆರಕ್ಕೆ ಎಂದೋ ಬರುವ ಚೆಕ್ಕು. ವರದಿ ಕೊಡದೆ ಅದೇ ರಾತ್ರಿ ಉಳಿದ ಆರನ್ನು ದಲ್ಲಾಳಿಗೆ ಮಾರಿದರೆ ಕೈಗೆ ನಗದು. ಅವನು ಮಾರುತ್ತಾನೆ. ಮಾರಿದ ಹಂದಿಯ ಸಂಗಡ ರೋಗ ಮುಂದಿನ ಊರಿಗೆ ಹೋಗುತ್ತದೆ. ಆಮೇಲೆ ಅಧಿಕಾರಿಗಳು ಪತ್ರಿಕಾಗೋಷ್ಠಿ ಕರೆದು ಜನರಲ್ಲಿ ಅರಿವಿಲ್ಲ ಎನ್ನುತ್ತಾರೆ. ಅರಿವು ಚೆನ್ನಾಗಿಯೇ ಇದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಡೆಯರು ಗೇಣಿಯ ಭತ್ತವನ್ನು ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಾರೆಂದು. ಹಂದಿ ಸಾಕುವವರಿಗೆ ಸರಕಾರ ಹಿಡಿದಿರುವ ಕೊಳಗವೂ ಅಂಥದೇ. ಕರ್ತವ್ಯ ಅಳೆಯುವಾಗ ದೊಡ್ಡದು, ಪರಿಹಾರ ಅಳೆಯುವಾಗ ತಳವೇ ಇಲ್ಲದ್ದು.

ಇಷ್ಟೂ ಪಟ್ಟಿಯಲ್ಲಿ ದೊಡ್ಡ ಹೆಸರಿರುವ ರೋಗದ ಕಥೆಯಾಯಿತು. ಮರಿಗಳ ಭೇದಿಗೆ ಅಷ್ಟೂ ಇಲ್ಲ. ಭೋಪಾಲದವರೆಗೆ ಯಾವ ಮಾದರಿಯೂ ಹೋಗುವುದಿಲ್ಲ, ಯಾವ ಚೆಕ್ಕೂ ಬರುವುದಿಲ್ಲ. ಪಿ.ಇ.ಡಿ.ಯಂತೂ ಅನುಸೂಚಿಯಲ್ಲಿಯೇ ಇಲ್ಲ.

ಲಸಿಕೆಯ ವಿಷಯ ನೋಡಿ. ಹೆಬ್ಬಾಳದಲ್ಲಿ 1925ರಲ್ಲಿಯೇ ಮೈಸೂರು ಸಂಸ್ಥಾನವು ದೊಡ್ಡರೋಗಕ್ಕೆ ಮದ್ದು ತಯಾರಿಸುವ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಎತ್ತು ಹಸುಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಆ ದೊಡ್ಡರೋಗ ಇಂದು ಭೂಮಿಯ ಮೇಲೆಯೇ ಇಲ್ಲ. 2011ರಲ್ಲಿ ಅದರ ನಿರ್ಮೂಲವನ್ನು ಜಗತ್ತಿಗೆ ಸಾರಿದರು. ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಂದಿಜ್ವರದ ಕಥೆ ಬೇರೆ. ಇದು ಆಫ್ರಿಕನ್ ಜ್ವರವಲ್ಲ, ಹಳೆಯ ಹಂದಿಜ್ವರ. ಇದರಲ್ಲಿಯೂ ಭೇದಿ ಒಂದು ಲಕ್ಷಣ. ಇದರ ಲಸಿಕೆಯನ್ನು 1964ರಿಂದ ಮೊಲಗಳನ್ನು ಕೊಂದು ಅವುಗಳಿಂದ ತಯಾರಿಸುತ್ತ ಬಂದರು. ದೇಶಕ್ಕೆ ವರ್ಷಕ್ಕೆ 2 ಕೋಟಿ 20 ಲಕ್ಷ ಡೋಸು ಬೇಕು, ತಯಾರಾಗುವುದು ಬರೇ 12 ಲಕ್ಷ ಎಂದು 2020ರಲ್ಲಿ ಕೇಂದ್ರ ಸರಕಾರವೇ ಹೇಳಿಕೊಂಡಿತು. ನೂರು ಹಂದಿಗಳಲ್ಲಿ ಐದಾರಕ್ಕೆ ಲಸಿಕೆ! ಅದೇ ವರ್ಷ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮೊಲಗಳ ಅಗತ್ಯವಿಲ್ಲದ ಹೊಸ ಲಸಿಕೆಯನ್ನು ಬಿಡುಗಡೆ ಮಾಡಿದರು. ಡೋಸಿಗೆ ಎರಡು ರೂಪಾಯಿಯೂ ಬೀಳದೆಂದು ಆಗ ಪ್ರಕಟಿಸಿದರು. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆ ಎರಡು ರೂಪಾಯಿಯ ಸೂಜಿ ಪ್ರತಿಯೊಂದು ಹಂದಿಗೂಡಿಗೆ ವರ್ಷ ವರ್ಷವೂ ಬರಬೇಕಾದದ್ದು ಇಲಾಖೆಯ ಕೆಲಸ.

ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 1 ಕೋಟಿ 3 ಲಕ್ಷ ಹಂದಿಗಳಿದ್ದವು. 2019ರ ಗಣತಿಯಲ್ಲಿ ಸುಮಾರು 90 ಲಕ್ಷ 60 ಸಾವಿರ. ಆಫ್ರಿಕನ್ ಜ್ವರ ಕಾಲಿಡುವುದಕ್ಕೆ ಮುಂಚೆಯೇ ನೂರಕ್ಕೆ ಹನ್ನೆರಡು ಇಳಿದುಹೋದವು. ನಮ್ಮ ರಾಜ್ಯದಲ್ಲಿ ಮೂರು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸಣ್ಣ ಸಂಖ್ಯೆಯೆಂದೇ ಮಂತ್ರಿಗಳಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಈ ಸಣ್ಣ ಸಂಖ್ಯೆಯ ಹಿಂದೆ ಕೊರಮ, ಕೊರಚ ಮೊದಲಾದ ಜನರಿದ್ದಾರೆ. ಬುಟ್ಟಿ ಹೆಣೆದು, ಹಂದಿ ಸಾಕಿ ಬದುಕಿದವರು. ಬ್ರಿಟಿಷರು ಮದರಾಸು ಪ್ರಾಂತದಲ್ಲಿ ಇವರ ಬಳಗವನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದ್ದರು. ಆ ಕಾನೂನು 1952ರಲ್ಲಿ ರದ್ದಾಯಿತು. ವ್ಯಾನು ಬಂದೀತೆಂಬ ಅಂಜಿಕೆ ಮಾತ್ರ ರದ್ದಾಗಿಲ್ಲ. ಹಂದಿಯ ನೆನಪು ಆಡಳಿತಕ್ಕೆ ಬರುವುದೆಲ್ಲ ಅದರಿಂದ ಇತರರಿಗೆ ತೊಂದರೆಯಾದಾಗ: ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಸೊಳ್ಳೆಯಿಂದ ಹರಡುವ ಮಿದುಳುಜ್ವರ ಬಂದಾಗ, ಬಡಾವಣೆಯವರು ದೂರು ಕೊಟ್ಟಾಗ. ಹಂದಿಗೇ ತೊಂದರೆಯಾದಾಗ ಅಲ್ಲ.

ಚಾಮರಾಜಪೇಟೆಯನ್ನು ನಾವು ಮತ್ತೆ ಮತ್ತೆ ಎತ್ತುವುದಕ್ಕೆ ಕಾರಣವುಂಟು. ಈ ಬಡಾವಣೆಯನ್ನು 1892ರ ಸುಮಾರಿಗೆ ಅಚ್ಚುಕಟ್ಟಾಗಿ ನಿರ್ಮಿಸಿದರು. ನೇರವಾದ ರಸ್ತೆಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳು. ಮುಂದಿನ ರಸ್ತೆ ಮನೆಯವರಿಗೆ, ಹಿಂದಿನ ಗಲ್ಲಿ ಮಲ ಹೊರುವವರಿಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೂ ಗಾಳಿ ಬೆಳಕು ಚೊಕ್ಕಟತನದ ಹೆಸರಿನಲ್ಲಿ. ಚೊಕ್ಕಟತನ ಬಂತು, ಆದರೆ ಹೊಲಸು ಮಾಯವಾಗಲಿಲ್ಲ, ಹಿತ್ತಲಿಗೆ ಸರಿಯಿತು. ಹಿತ್ತಲಿನಲ್ಲಿ ಅದನ್ನು ಎತ್ತುವವರು ಇಬ್ಬರು, ಮನುಷ್ಯರಲ್ಲಿ ಪೌರಕಾರ್ಮಿಕ, ಪ್ರಾಣಿಗಳಲ್ಲಿ ಹಂದಿ.

ಇವತ್ತಿಗೂ ವ್ಯವಹಾರ ಹಾಗೆಯೇ ನಡೆಯುತ್ತಿದೆ, ಸ್ವರೂಪ ಬದಲಾಗಿದೆ. ಹಳೆಯ ಬೆಂಗಳೂರಿನ ಹೋಟೆಲುಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಎಲೆಯ ಮೇಲೆ ಮಿಕ್ಕ ಅನ್ನ ಸಾರು ಪಲ್ಯಗಳು ಡ್ರಮ್ಮುಗಳಲ್ಲಿ ತುಂಬಿ ನಗರದ ಹೊರವಲಯದ ಹಂದಿಗೂಡುಗಳಿಗೆ ಹೋಗುತ್ತವೆ. ಮಹಾನಗರದ ಹಸಿಕಸದಲ್ಲಿ ಒಂದು ಭಾಗವನ್ನು ಹೀಗೆ ಹಂದಿ ತಿಂದು ಕರಗಿಸುತ್ತದೆ. ಯಾವ ಗುತ್ತಿಗೆದಾರನೂ ಇಷ್ಟು ಅಗ್ಗಕ್ಕೆ ಈ ಕೆಲಸ ಮಾಡಲಾರ. ಆದರೆ ಈ ಮುಸುರೆಯೇ ರೋಗದ ಹೆದ್ದಾರಿ. ಅದರಲ್ಲಿ ಬೆರೆತ ಹಸಿ ಮಾಂಸದ ಚೂರು, ಒಂದು ಹಂದಿಗೂಡಿನಿಂದ ಇನ್ನೊಂದಕ್ಕೆ ತೊಳೆಯದೆ ಹೋಗುವ ಡ್ರಮ್ಮು, ಸಾಗಿಸುವ ಗಾಡಿಯ ಚಕ್ರಕ್ಕೆ ಮೆತ್ತಿದ ಮಲ, ಇಷ್ಟು ಸಾಕು. ಭೇದಿಯ ವೈರಸ್ಸಿಗಂತೂ ಕಣ್ಣಿಗೆ ಕಾಣದಷ್ಟು ಮಲವಿದ್ದರೂ ಧಾರಾಳವಾಯಿತು. ಆಫ್ರಿಕನ್ ಜ್ವರದ ಭಯವಿರುವಲ್ಲಿ ಮುಸುರೆಯನ್ನು 90 ಡಿಗ್ರಿ ಶಾಖದಲ್ಲಿ ಒಂದು ಗಂಟೆಯಾದರೂ ಕಲಕುತ್ತ ಕುದಿಸಬೇಕೆಂದು ಪಶು ಆರೋಗ್ಯದ ಅಂತರರಾಷ್ಟ್ರೀಯ ನಿಯಮವಿದೆ. ಡ್ರಮ್ಮುಗಟ್ಟಲೆ ಮುಸುರೆಯನ್ನು ಗಂಟೆಗಟ್ಟಲೆ ಕುದಿಸುವ ಸೌದೆಯ ಖರ್ಚು ಯಾರದು? ಊಟ ಮಾಡಿ ಎದ್ದವರದ್ದೋ, ಎಂಜಲು ಎತ್ತಿದವರದ್ದೋ?

ಊಟ ಮಾಡಿದವರದ್ದು ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಬೆಂಗಳೂರಿನಲ್ಲಿ 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯೊಡನೆ ಕಸದ ಶುಲ್ಕವನ್ನೂ ವಸೂಲು ಮಾಡುತ್ತಿದ್ದಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಮಹಾನಗರಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಐದು ಕಚೇರಿಗಳು, ಐವರು ಕಮಿಷನರುಗಳು. ಐದು ಕುದಿಸುವ ಕೇಂದ್ರಗಳೇಕೆ ಬರಬಾರದು? ಹೋಟೆಲಿನ ಮುಸುರೆ ಮೊದಲು ಆ ಕೇಂದ್ರಕ್ಕೆ ಹೋಗಲಿ. ಕುದಿದ ಮೇವು ತೊಳೆದ ಡ್ರಮ್ಮಿನಲ್ಲಿ ಸಾಕುವವರ ಸಹಕಾರ ಸಂಘಕ್ಕೆ ಬರಲಿ. ಕಸದ ಶುಲ್ಕದ ಹಣವನ್ನು ಇದಕ್ಕೆ ಹಾಕುವುದಕ್ಕಿಂತ ನ್ಯಾಯವಾದ ವಿನಿಯೋಗ ನಮಗೆ ತೋರುವುದಿಲ್ಲ. ಬೀದಿಯಲ್ಲಿ ಹಂದಿ ಅಲೆಯಬಾರದೆಂಬ ನಾಗರಿಕರ ಮಾತು ನಮಗೂ ಒಪ್ಪಿಗೆ. ಕಾಲುವೆಯ ಹೊಲಸು ತಿನ್ನುವ ಹಂದಿಗೂ ಅದನ್ನು ತಿನ್ನುವ ಮನುಷ್ಯನಿಗೂ ಅದರಿಂದ ಕೇಡೇ. ಆದರೆ ಹಿಡಿದುಕೊಂಡು ಹೋಗುವ ವ್ಯಾನಿಗಿಂತ ಮೊದಲು ಊರ ಹೊರಗೆ ನೀರು, ಸೂರು, ಗಟ್ಟಿ ನೆಲವಿರುವ ಸಾಲುಗೂಡುಗಳಿಗೆ ಜಾಗ ಬರಬೇಕು. ಕೈಗಾರಿಕೆಗೆಂದು ಎಕರೆ ಎಕರೆ ಭೂಮಿಯನ್ನು ಹಂಚುವ ಸರಕಾರಕ್ಕೆ ಇದಕ್ಕೆ ನಾಲ್ಕು ಎಕರೆ ಸಿಕ್ಕದೆ ಹೋಗದು.

ರೋಗದ ಮಾತಿಗೆ ಬಂದರೆ ನಮ್ಮ ಬೇಡಿಕೆ ಬಹಳ ಸರಳವಾದುದು. ತಾಲ್ಲೂಕಿನ ಪಶುವೈದ್ಯ ಆಸ್ಪತ್ರೆಯಲ್ಲಿ ಹಂದಿಮರಿಯ ಭೇದಿಯ ಮಾದರಿಯನ್ನು ಹಣ ಕೇಳದೆ ತೆಗೆದುಕೊಳ್ಳತಕ್ಕದ್ದು. ಹೆಬ್ಬಾಳಕ್ಕೆ ಕಳಿಸಿ, ಫಲಿತಾಂಶವನ್ನು ಒಂದು ವಾರದೊಳಗೆ ಸಾಕಿದವರಿಗೇ ಬಾಯಿಮಾತಿನಲ್ಲಿ ತಿಳಿಸತಕ್ಕದ್ದು. ವರದಿ ಕೊಟ್ಟವರ ಹಂದಿಯನ್ನು ಪರವಾನಗಿಯಿಲ್ಲವೆಂಬ ನೆಪದಿಂದ ಹಿಡಿಯಬಾರದು. ರೋಗದಿಂದ ಸತ್ತ ಮರಿಗೂ, ಕೊಂದ ಮರಿಗಿರುವ ಅದೇ 2,200 ರೂಪಾಯಿ ಸಲ್ಲಬೇಕು, ತಿಂಗಳೊಳಗೆ ಸಲ್ಲಬೇಕು. ಹೀಗೆ ಮಾಡಿದರೆ ಕಳ್ಳವರದಿಗಳು ಬರುತ್ತವೆಂದು ಹಣಕಾಸು ಇಲಾಖೆಯವರು ತಕರಾರು ತೆಗೆದಾರು. ಬಂದರೆ ಬರಲಿ. ಈಗ ಯಾವ ವರದಿಯೂ ಬರುತ್ತಿಲ್ಲವಲ್ಲ. 2019ರಲ್ಲಿ ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲಾ ರೋಗಗಳ ನಿಯಂತ್ರಣಕ್ಕೆ 13,343 ಕೋಟಿ ರೂಪಾಯಿ ಮಂಜೂರು ಮಾಡಿದ ದೇಶಕ್ಕೆ ಹಂದಿಮರಿಯ ಮಲಪರೀಕ್ಷೆಯ ಖರ್ಚು ಹೊರೆಯಾಗುವುದಿಲ್ಲ.

ಈ ವಿಷಯವಾಗಿ ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೇವೆ. ವಿಧಾನಸಭೆಯ ಬರುವ ಅಧಿವೇಶನಕ್ಕೆ ಮುನ್ನ ಪಶುಸಂಗೋಪನಾ ಮಂತ್ರಿಗಳ ಮುಂದಿಡಲಾಗುವುದು. ಅದಕ್ಕೆ ಅಂಕಿಗಳು ಬೇಕು. ಸರಕಾರ ಎಣಿಸದಿದ್ದರೆ ನಾವು ಎಣಿಸೋಣ. ನಮ್ಮ ಜಿಲ್ಲೆಯ ಪ್ರತಿಯೊಂದು ಹೋಬಳಿಯ ಸಂಗಾತಿಗಳೂ ಹಂದಿ ಸಾಕುವವರ ಕೇರಿಗೆ ಹೋಗಿ, ಕಳೆದ ಮಳೆಗಾಲದಿಂದೀಚೆಗೆ ಎಷ್ಟು ತಾಯಿಹಂದಿಗಳು ಮರಿ ಹಾಕಿದವು, ಎಷ್ಟು ಮರಿ ಹುಟ್ಟಿದವು, ವಾರದೊಳಗೆ ಭೇದಿಯಿಂದ ಎಷ್ಟು ಸತ್ತವು, ಔಷಧಿಗೆ ಎಷ್ಟು ಹಣ ಹೋಯಿತು, ಯಾರಾದರೂ ಬಂದು ನೋಡಿದರೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಒಂದು ಕಾರ್ಡಿನಲ್ಲಿ ನಮ್ಮ ಕಚೇರಿಗೆ ಕಳಿಸಬೇಕು. ಕೇರಿಯವರ ಹೆಸರು ಬರೆಯುವುದು ಬೇಡ. ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಹೋಗುವ ಮುಂಚೆ ಚಪ್ಪಲಿಯನ್ನೂ ಕಾಲನ್ನೂ ಸೋಪು ಹಾಕಿ ತೊಳೆದುಕೊಳ್ಳುವುದನ್ನು ಮರೆಯಬಾರದು.